ಹರೇಲಾ, ಪಿಛೌಡಾ, ಬೀಗ ಹಾಕಿದ ಮನೆ: ಕುಮಾವೂನಿ ಸಂಪ್ರದಾಯ ಉಳಿಸೋದು ಹೊರಗಿನಿಂದ ಬಂದ ಸೊಸೆಯ ಕೆಲಸವಾ?

ಹಲ್ದ್ವಾನಿ_ಸೊಸೆ | ಜುಲೈ 1, ರಾತ್ರಿ 10:12

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾನು ಸಾಗರದ ಕಡೆಯವಳು. ಮದುವೆಯಾಗಿ ಹನ್ನೆರಡು ವರ್ಷದಿಂದ ಉತ್ತರಾಖಂಡದ ಹಲ್ದ್ವಾನಿಯಲ್ಲಿದ್ದೇನೆ. ಗಂಡನ ಮನೆಯವರು ಕುಮಾವೂನಿಗಳು, ಅಂದರೆ ಇಲ್ಲಿನ ಕುಮಾವೂನ್ ಗುಡ್ಡಗಾಡಿನವರು. ಮೂಲ ಊರು ಬಾಗೇಶ್ವರ ಜಿಲ್ಲೆಯ ಒಂದು ಹಳ್ಳಿ. ಜೀಪ್ ಇಳಿದು ಮುಕ್ಕಾಲು ಗಂಟೆ ಗುಡ್ಡ ಹತ್ತಬೇಕು. ನಾನು ಮೊದಲ ಸಲ ಹೋದಾಗ ಇಪ್ಪತ್ತೆರಡು ಮನೆಯಲ್ಲಿ ದೀಪ ಉರಿಯುತ್ತಿತ್ತು. ಹೋದ ವರ್ಷ ಎಣಿಸಿದೆ, ಐದೇ ಐದು. ನಮ್ಮದೂ ಬೀಗ ಹಾಕಿದ ಮನೆಯೇ. ಕಲ್ಲು ಚಪ್ಪಡಿಯ ಮಾಡು, ಕೆತ್ತನೆಯ ಕಿಟಕಿ, ಒಳಗೆ ಇಲಿಗಳ ಸಂಸಾರ.

ಅತ್ತೆಗೆ ಎಪ್ಪತ್ತಮೂರು. ಇಜಾ ಅಂತ ಕರೆಯುತ್ತೇವೆ, ಅಂದರೆ ಅಮ್ಮ. ಮಂಡಿ ನೋವಿನಿಂದ ಮೂರು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ಇನ್ನೊಂದು ವಾರಕ್ಕೆ ಹರೇಲಾಕ್ಕೆ ಕಾಳು ಹಾಕಬೇಕು. ಗೊತ್ತಿಲ್ಲದವರಿಗೆ: ಐದೋ ಏಳೋ ಬಗೆಯ ಕಾಳನ್ನು ಬುಟ್ಟಿಯ ಮಣ್ಣಿನಲ್ಲಿ ಬಿತ್ತಿ, ಬಿಸಿಲು ತಾಗದ ಹಾಗೆ ದೇವರ ಹತ್ತಿರ ಇಡುತ್ತಾರೆ. ಹತ್ತನೇ ದಿನ ಶ್ರಾವಣ ಸಂಕ್ರಾಂತಿ. ಅವತ್ತು ಆ ಹಳದಿ ಮೊಳಕೆ ಕೊಯ್ದು, ಹಿರಿಯರು ಎಲ್ಲರ ತಲೆ ಮೇಲೆ ಇಟ್ಟು ಹರಸುತ್ತಾರೆ.

ನಿನ್ನೆ ಇಜಾ ಬುಟ್ಟಿ ಹುಡುಕುತ್ತಾ ಕೇಳಿದರು, "ನಾನು ಹೋದ ಮೇಲೆ ಇದನ್ನೆಲ್ಲ ಯಾರು ಮಾಡ್ತೀರಿ?" ಯಾರೂ ಬಾಯಿ ಬಿಡಲಿಲ್ಲ. ಗಂಡ ಮೊಬೈಲ್ ನೋಡಿದರು. ನಾನು ಕುಕ್ಕರ್ ನೋಡಿದೆ.

ಮಗಳಿಗೆ ಹತ್ತು ವರ್ಷ. ಅಜ್ಜಿಯ ಕುಮಾವೂನಿ ಪೂರ್ತಿ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಕೊಡುತ್ತಾಳೆ. ನನ್ನ ಕನ್ನಡಕ್ಕೂ ಅದೇ ಗತಿ. ನವೆಂಬರಿನಲ್ಲಿ ಮೈದುನನ ಮದುವೆ ಬೇರೆ. ಅವನಿಗೆ ಹಲ್ದ್ವಾನಿಯ ಬ್ಯಾಂಕ್ವೆಟ್ ಹಾಲ್, ಡಿಜೆ ಬೇಕು. ಇಜಾಗೆ ಊರ ಮನೆ, ಛೋಲಿಯಾ ಕುಣಿತ ಬೇಕು. ಇಬ್ಬರೂ ನನ್ನ ಹತ್ತಿರ ಬಂದು "ನೀನು ಹೇಳು" ಅಂತಾರೆ.

ನಾನು ಹೊರಗಿನವಳು. ಇದನ್ನು ಹೊತ್ತುಕೊಳ್ಳೋದು ನನ್ನ ಕೆಲಸವಾ? ಹೊತ್ತರೂ ಎಷ್ಟು ಹೊರಬೇಕು? ಬೇರೆ ರಾಜ್ಯಕ್ಕೆ ಸೊಸೆಯಾಗಿ ಹೋದವರು, ಮನೆಗೆ ಸೊಸೆ ತಂದುಕೊಂಡವರು ಹೇಳಿ.

ಕಾಡುಪಾಪ | ಜುಲೈ 1, ರಾತ್ರಿ 10:20

ಕುಮಾವೂನ್ ಅಂದರೆ ಜಿಮ್ ಕಾರ್ಬೆಟ್ ಹುಲಿ ಹೊಡೆದ ಊರಲ್ವಾ? ಚಂಪಾವತ್ ಹುಲಿ!

ಹಲ್ದ್ವಾನಿ_ಸೊಸೆ | ಜುಲೈ 1, ರಾತ್ರಿ 10:24

ಹೌದು, ಅದೇ. ಕಾರ್ಬೆಟ್ ಹುಟ್ಟಿದ್ದು ನೈನಿತಾಲ್, ಇಲ್ಲಿಂದ ಗುಡ್ಡ ಹತ್ತಿದರೆ ಸಿಗುತ್ತದೆ. ಹನ್ನೆರಡು ವರ್ಷದಲ್ಲಿ ಕನ್ನಡದವರು ನನ್ನನ್ನು ಕೇಳಿರೋದು ಅದೊಂದೇ ಪ್ರಶ್ನೆ 😄

ಗುಳ್ಳವ್ವನ_ಮೊಮ್ಮಗ | ಜುಲೈ 1, ರಾತ್ರಿ 10:51

ಅಕ್ಕಾರ, ಒಂದು ಸಂಶಯ. ಜುಲೈ ನಡುವೆ ಶ್ರಾವಣ ಹೇಗೆ ಬರುತ್ತದೆ? ನಮಗೆ ಆಗ ಇನ್ನೂ ಆಷಾಢ.

ಅದಿರಲಿ. ಧಾರವಾಡ ಕಡೆ ನವರಾತ್ರಿಗೆ ಘಟ್ಟ ಹಾಕುತ್ತೇವೆ. ಮಣ್ಣಿನಲ್ಲಿ ಕಾಳು ಬಿತ್ತಿ ಒಂಬತ್ತು ದಿನ ದೀಪ ಕಾಯೋದು. ಮೊಳಕೆಯನ್ನು ಕೊನೆಗೆ ಗಂಡಸರು ಟೋಪಿಗೆ, ಹೆಂಗಸರು ತುರುಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ನೀವು ಹೇಳಿದ್ದು ಓದಿ ನಮ್ಮಜ್ಜಿ ನೆನಪಾದಳು. ನಿಮಗೆ ಇದು ಪರಕೀಯ ಅಲ್ಲವೇ ಅಲ್ಲ.

ಹಲ್ದ್ವಾನಿ_ಸೊಸೆ | ಜುಲೈ 1, ರಾತ್ರಿ 11:03

ಇಲ್ಲಿ ತಿಂಗಳು ಸೂರ್ಯನ ಲೆಕ್ಕ. ಕರ್ಕ ಸಂಕ್ರಾಂತಿಯ ದಿನವೇ ಶ್ರಾವಣ ಶುರು, ಅಂದರೆ ಜುಲೈ 16ರ ಆಸುಪಾಸು. ನಾನೂ ಮೊದಲ ವರ್ಷ ಇಜಾ ಜೊತೆ ಇದೇ ವಾದ ಮಾಡಿ ಸೋತಿದ್ದೆ.

ಇನ್ನೊಂದು ಹೇಳ್ತೀನಿ ಕೇಳಿ. ಹರೇಲಾಕ್ಕೆ ಮಣ್ಣಿನಲ್ಲಿ ಶಿವ, ಪಾರ್ವತಿ, ಗಣಪತಿಯ ಪುಟ್ಟ ಗೊಂಬೆ ಮಾಡುತ್ತಾರೆ. ಡಿಕಾರೆ ಅಂತಾರೆ. ನಿಮ್ಮ ಹೆಸರು ನೋಡಿದ ಕೂಡಲೇ ಅದೇ ನೆನಪಾಯಿತು.

ಗುಳ್ಳವ್ವನ_ಮೊಮ್ಮಗ | ಜುಲೈ 1, ರಾತ್ರಿ 11:06

ಆಷಾಢದ ಮಂಗಳವಾರ ಗುಳ್ಳವ್ವ, ಅದಕ್ಕೂ ಮುಂಚೆ ಮಣ್ಣೆತ್ತು. ಮಳೆ ಬಿದ್ದ ಮೇಲೆ ಎಲ್ಲ ಊರಿನವರ ಕೈಯೂ ಮಣ್ಣಿಗೇ ಹೋಗುತ್ತದೆ ನೋಡ್ರಿ.

ದ್ವಾರಕಾ_ಸೆಕ್ಟರ್ | ಜುಲೈ 2, ಬೆಳಗ್ಗೆ 7:40

ನಾನು ಇಪ್ಪತ್ತು ವರ್ಷದಿಂದ ದಿಲ್ಲಿಯಲ್ಲಿದ್ದೇನೆ. ಖಡಕ್ಕಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಿಟ್ಟುಬಿಡಿ. ಪಕ್ಕದ ಫ್ಲಾಟಿನವರು ಕುಮಾವೂನಿನ ಅಲ್ಮೋರಾದವರು. ವರ್ಷಕ್ಕೊಮ್ಮೆ ಸಭಾಂಗಣ ಬಾಡಿಗೆಗೆ ಹಿಡಿದು ಪಹಾಡಿ (ಗುಡ್ಡದವರ) ಕಾರ್ಯಕ್ರಮ ಮಾಡ್ತಾರೆ. ಹಳದಿ ಸೆರಗು ಹೊದ್ದು ಫೋಟೊ ತೆಗೆಸಿಕೊಳ್ತಾರೆ. ಮಾರನೇ ದಿನ ಮಕ್ಕಳಿಗೆ "ಹಿಂದಿಯಲ್ಲಿ ಮಾತಾಡು, ಗುಡ್ಡದ ರಾಗ ಎಳೀಬೇಡ" ಅಂತಾರೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವವೂ ಅಷ್ಟೇ ಬಿಡಿ. ಭಾಷೆ ಹೋದ ಮೇಲೆ ಉಳಿಯೋದು ಡ್ರೆಸ್ಸು ಮತ್ತು ಊಟ. ಅದಕ್ಕೆ ಸೊಸೆಯಂದಿರು ಯಾಕೆ ಒದ್ದಾಡಬೇಕು?

ಪಹಾಡಿ_ಮಲ್ಲೇಶ್ವರ | ಜುಲೈ 2, ಬೆಳಗ್ಗೆ 9:15

ನಾನು ಹುಟ್ಟಿನಿಂದ ಕುಮಾವೂನಿ, ಬೆಳೆದದ್ದು ಮಲ್ಲೇಶ್ವರದಲ್ಲಿ. ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ದ್ವಾರಕಾ ಅವರ ಮಾತು ಅರ್ಧ ನಿಜ, ಅರ್ಧ ಸಿಟ್ಟು.

ಭಾಷೆಯ ವಿಷಯಕ್ಕೆ ಬಂದರೆ, 2011ರ ಜನಗಣತಿಯಲ್ಲಿ ಕುಮಾವೂನಿ ನಮ್ಮ ಮಾತು ಅಂತ ಬರೆಸಿದವರು ಸುಮಾರು 20 ಲಕ್ಷ. ಸರ್ಕಾರ ಅದನ್ನೂ ಹಿಂದಿಯ ಕೆಳಗೇ ಸೇರಿಸುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲ. ಯುನೆಸ್ಕೊ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಹಾಕಿದೆ. ಅಪ್ಪ ನಮ್ಮ ಜೊತೆ ಹಿಂದಿ, ಅಮ್ಮನ ಜೊತೆ ಕುಮಾವೂನಿ. ಮಕ್ಕಳಿಗೆ "ಒಳ್ಳೆಯ" ಭಾಷೆ, ಗಂಡ ಹೆಂಡತಿ ಜಗಳಕ್ಕೆ "ನಮ್ಮ" ಭಾಷೆ! ನನಗೆ ಬರುವ ಕುಮಾವೂನಿಯಲ್ಲಿ ಅರ್ಧ ಬೈಗುಳ.

ಆದರೂ ಮನೆಯಲ್ಲಿ ಎರಡು ವಿಷಯ ಬಿಡಲಿಲ್ಲ. ಒಂದು, ಸಂಕ್ರಾಂತಿಯ ಘುಘುತಿಯಾ. ಗೋಧಿ ಹಿಟ್ಟು, ಬೆಲ್ಲ ಕಲಸಿ ಡಮರು, ಕತ್ತಿ, ಹಕ್ಕಿಯ ಆಕಾರ ಮಾಡಿ ಕರಿದು ಮಾಲೆ ಕಟ್ಟಿ ಕೊರಳಿಗೆ ಹಾಕೋದು. ನಡುವೆ ಒಂದು ಕಿತ್ತಳೆ. ಬೆಳಗ್ಗೆ ತಾರಸಿಗೆ ಹೋಗಿ "ಕಾಲೇ ಕೌವಾ ಕಾಲೇ" ಅಂತ ಕಾಗೆ ಕರೆಯಬೇಕು. ಬೆಂಗಳೂರಿನ ಕಾಗೆಗೆ ಕುಮಾವೂನಿ ಎಲ್ಲಿ ಬರಬೇಕು! ಒಂದು ವರ್ಷ ಪಾರಿವಾಳ ಬಂತು. ಅಪ್ಪ ಅದಕ್ಕೇ ಹಾಕಿದರು.

ಎರಡು, ಹರೇಲಾದ ಲಕೋಟೆ. ಪ್ರತಿ ಜುಲೈಯಲ್ಲಿ ಅಲ್ಮೋರಾದಿಂದ ಆಮಾ (ಅಜ್ಜಿ) ಒಣಗಿದ ನಾಲ್ಕು ಎಸಳು ಮೊಳಕೆ, ಕುಂಕುಮ ಹಚ್ಚಿದ ಅಕ್ಕಿ ಲಕೋಟೆಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದಳು. ಬರುವಷ್ಟರಲ್ಲಿ ಹಬ್ಬ ಮುಗಿದು ಹದಿನೈದು ದಿನ ಆಗಿರುತ್ತಿತ್ತು. ಬಂದ ದಿನವೇ ನಮಗೆ ಹರೇಲಾ. ಆಮಾ ಹೋಗಿ ಆರು ವರ್ಷ. ಈಗ ಚಿಕ್ಕಪ್ಪ ವಾಟ್ಸಾಪಿನಲ್ಲಿ ಹಸಿರು ಫೋಟೊ ಕಳಿಸ್ತಾರೆ, ಮೇಲೆ ಹೊಳೆಯುವ ಅಕ್ಷರ. ತಲೆ ಮೇಲೆ ಏನು, ಫೋನ್ ಇಟ್ಟುಕೊಳ್ಳಲಾ?

ಸೊಸೆ ಅಕ್ಕಾ, ನನ್ನ ಅಮ್ಮನಿಗೂ ಯಾರೂ ಕೇಳಿರಲಿಲ್ಲ ಇದು ನಿನ್ನ ಕೆಲಸವಾ ಅಂತ. ಅವಳು ಮಾಡಿದಳು, ನಮಗೆ ಸಿಕ್ಕಿತು. ಅಷ್ಟೇ ನನಗೆ ಗೊತ್ತು.

ಗಟ್ಟಿಗಿತ್ತಿ | ಜುಲೈ 2, ಬೆಳಗ್ಗೆ 9:48

"ಅವಳು ಮಾಡಿದಳು, ನಮಗೆ ಸಿಕ್ಕಿತು." ಎಷ್ಟು ಚೆಂದ ಅಲ್ವಾ ಕೇಳೋಕೆ. ಅಪ್ಪ ಏನು ಮಾಡಿದರು? ಪಾರಿವಾಳಕ್ಕೆ ಹಾಕಿದರು.

ಪಹಾಡಿ_ಮಲ್ಲೇಶ್ವರ | ಜುಲೈ 2, ಬೆಳಗ್ಗೆ 9:55

😅 ಒಪ್ಪಿದೆ.

ಗಟ್ಟಿಗಿತ್ತಿ | ಜುಲೈ 2, ಬೆಳಗ್ಗೆ 10:20

ಸುಮ್ನೆ ಕಾಲೆಳೆದದ್ದಲ್ಲ. ಗುಡ್ಡದಲ್ಲಿ ಹುಲ್ಲು ತರೋದು, ಸೌದೆ ತರೋದು, ಗದ್ದೆ, ಎಮ್ಮೆ, ಎಲ್ಲ ಹೆಂಗಸರದೇ. ಗಂಡಸರು ಸೈನ್ಯಕ್ಕೋ ಹೋಟೆಲ್ಲಿಗೋ ಹೋಗಿ ಮನಿಯಾರ್ಡರ್ ಕಳಿಸ್ತಾರೆ. ಇಜಾ ಮಂಡಿ ಸವೆದದ್ದು ಸಂಪ್ರದಾಯ ಹೊತ್ತೇ ಅಲ್ವಾ? ಮೇಲಿಂದ ತಿಂಗಳ ಮೂರು ದಿನ ಹಲವು ಮನೆಗಳಲ್ಲಿ ದನದ ಕೊಟ್ಟಿಗೆಯ ಪಕ್ಕ ಮಲಗಿಸೋದೂ ಸಂಪ್ರದಾಯವೇ. ಮೌಲ್ಯ ಉಳಿಸಿ ಅನ್ನುವವರು ಮೊದಲು ಮೂಟೆ ಬಿಚ್ಚಿ, ಒಳಗೇನಿದೆ ನೋಡೋಣ.

ಸೊಸೆಗೆ ನನ್ನ ಮಾತು ಇಷ್ಟೇ. ಗಂಡ, ಮೈದುನ ಇಬ್ಬರನ್ನೂ ಹಿಟ್ಟು ಕಲಸೋಕೆ ಕೂರಿಸಿ. ಕೂತರೆ ಸಂಪ್ರದಾಯ ಉಳಿಯುತ್ತೆ. ಕೂರದಿದ್ದರೆ ಅವರಿಗೇ ಬೇಕಿಲ್ಲ ಅಂತ ಅರ್ಥ.

ಪ್ರಶ್ನೆಗೊಬ್ಬ | ಜುಲೈ 2, ಮಧ್ಯಾಹ್ನ 1:30

ಮೂಟೆ ಬಿಚ್ಚೋಣ ಅಂದಿರಲ್ಲ, ಬಿಚ್ಚಿ. ಛೋಲಿಯಾ ಬೇಕು ಅಂತಾರೆ ಅತ್ತೆ. ಕತ್ತಿ ಗುರಾಣಿ ಹಿಡಿದು ಕುಣಿತ, ಡೋಲು, ದಮಾವ್, ರಣಸಿಂಗ. ಕೆತ್ತನೆಯ ಕಿಟಕಿ, ಅಲ್ಮೋರಾದ ತಾಮ್ರದ ಕೊಡ. ಇದನ್ನೆಲ್ಲ ಮಾಡಿದ ಕೈ ಯಾರದ್ದು? ಶಿಲ್ಪಕಾರರದ್ದು, ಅಂದರೆ ದಲಿತರದ್ದು. ಅವರು ನಿಮ್ಮ ದಿಬ್ಬಣದ ಮುಂದೆ ಡೋಲು ಬಡಿಯಬಹುದು, ಅವರ ಮದುಮಗ ಪಲ್ಲಕ್ಕಿಯಲ್ಲಿ ಕೂರಬಾರದು. 1980ರ ಮೇ ತಿಂಗಳಲ್ಲಿ ಅಲ್ಮೋರಾ ಜಿಲ್ಲೆಯ ಕಫಲ್ಟಾದಲ್ಲಿ ಇದೇ ಪಲ್ಲಕ್ಕಿ ಜಗಳಕ್ಕೆ 14 ದಲಿತರನ್ನು ಕೊಂದರು. 2021ರಲ್ಲಿ ಚಂಪಾವತ್ ಜಿಲ್ಲೆಯ ಒಂದು ಶಾಲೆಯಲ್ಲಿ ದಲಿತ ಹೆಂಗಸು ಮಾಡಿದ ಬಿಸಿಯೂಟ ಬೇಡ ಅಂತ ಮೇಲ್ಜಾತಿ ಮಕ್ಕಳು ಡಬ್ಬಿ ತಂದರು. ಯಾವ ಮೌಲ್ಯ ಉಳಿಸೋದು ಅಂತ ಹೇಳಿ, ಆಮೇಲೆ ಹೇಗೆ ಅಂತ ಮಾತಾಡೋಣ.

ಸನಾತನಿ_ಹುಡ್ಗ | ಜುಲೈ 2, ಮಧ್ಯಾಹ್ನ 1:41

ಬಂತು ನೋಡಿ. ಮೊಳಕೆ ಕಾಳಿನ ಥ್ರೆಡ್‌ನಲ್ಲೂ ಜಾತಿ.

ಪ್ರಶ್ನೆಗೊಬ್ಬ | ಜುಲೈ 2, ಮಧ್ಯಾಹ್ನ 1:44

ನಾನು ತಂದಿಲ್ಲ ಅಣ್ಣಾ. ಮೊದಲಿಂದ ಅಲ್ಲೇ ಇತ್ತು.

ಸನಾತನಿ_ಹುಡ್ಗ | ಜುಲೈ 2, ಮಧ್ಯಾಹ್ನ 1:47

ಅದು ಹಳೇ ಕಾಲದ್ದು. ಈಗ ಯಾರು ಮಾಡ್ತಾರೆ?

ಕಟ್ಟೆ_ಕಾವಲುಗಾರ (ನಿರ್ವಾಹಕ) | ಜುಲೈ 2, ಮಧ್ಯಾಹ್ನ 1:58

ಇಬ್ಬರೂ ನೀರು ಕುಡಿದು ಬನ್ನಿ. ಪ್ರಶ್ನೆ ಕೇಳಿದವರು ಮಾತಾಡಲಿ.

ಹಲ್ದ್ವಾನಿ_ಸೊಸೆ | ಜುಲೈ 2, ರಾತ್ರಿ 9:30

ಹಳೇ ಕಾಲದ್ದಲ್ಲ. ಹೋದ ವರ್ಷ ಊರಲ್ಲಿ ದೇವತಾ ಪೂಜೆ ಇತ್ತು. ಡೋಲಿನವರಿಗೆ ಚಹಾ ಕೊಡೋಕೆ ನಾನು ತಟ್ಟೆಯಲ್ಲಿ ಲೋಟ ಜೋಡಿಸಿದೆ. ಜೇಠಾನಿ (ಓರಗಿತ್ತಿ) ಬಂದು ಸುಮ್ಮನೆ ಆ ಸ್ಟೀಲ್ ಲೋಟ ತೆಗೆದು ಪೇಪರ್ ಕಪ್ ಇಟ್ಟರು. ಏನೂ ಹೇಳಲಿಲ್ಲ. ಮಗಳು ನೋಡಿದಳು. "ಅಮ್ಮಾ, ನಮಗೆ ಯಾಕೆ ಪೇಪರ್ ಕಪ್ ಇಲ್ಲ?" ಅಂತ ಕನ್ನಡದಲ್ಲಿ ಕೇಳಿದಳು. ಅವಳು ಕನ್ನಡ ಮಾತಾಡೋದೇ ಅಪರೂಪ. ನಾನು ಉತ್ತರ ಕೊಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಸಾಗರದಲ್ಲೂ ಇಂಥದ್ದು ಕಂಡಿದ್ದೇನೆ, ಮೇಲೆ ನಿಂತು ಹೇಳೋಕೆ ನನಗೆ ಮುಖ ಇಲ್ಲ. ಮದುವೆಗೆ ಛೋಲಿಯಾ ಬಂದರೆ ಅವರು ನಮ್ಮ ಜೊತೆ ಪಂಕ್ತಿಯಲ್ಲಿ ಕೂರಬೇಕು, ಸ್ಟೀಲ್ ತಟ್ಟೆ. ಇಲ್ಲದಿದ್ದರೆ ಡಿಜೆಯೇ ವಾಸಿ. ಇದನ್ನು ಇಜಾಗೆ ಹೇಳ್ತೀನಿ. ಹೇಗೆ ಹೇಳೋದು ಅಂತ ಇನ್ನೂ ಗೊತ್ತಿಲ್ಲ.

ಕುಡ್ಲದ_ಮಾಣಿ | ಜುಲೈ 2, ರಾತ್ರಿ 10:40

ಮಾರಾಯ್ರೆ, ದೇವತಾ ಪೂಜೆ ಅಂದ್ರಲ್ಲ, ಅದು ಜಾಗರ್ ಅಲ್ವಾ? ಕೆಲಸದ ಮೇಲೆ ಅಲ್ಮೋರಾ ಕಡೆ ಇದ್ದಾಗ ಒಂದು ರಾತ್ರಿ ನೋಡಿದ್ದೆ. ಜಗರಿಯಾ ಹುಡ್ಕ ಬಾರಿಸಿಕೊಂಡು ದೇವರ ಕತೆ ಹಾಡುತ್ತಾ ಹೋಗುತ್ತಾನೆ. ಇನ್ನೊಬ್ಬ ಕಂಚಿನ ತಟ್ಟೆ ಬಡಿಯುತ್ತಾನೆ. ನಡುರಾತ್ರಿ ದಂಗರಿಯಾನ ಮೈಮೇಲೆ ದೇವರು ಬರುತ್ತದೆ. ಮನೆಯವರು ಕಷ್ಟ ಹೇಳಿಕೊಳ್ಳುತ್ತಾರೆ, ದೇವರು ಬೈಯುತ್ತದೆ, ಸಮಾಧಾನ ಮಾಡುತ್ತದೆ. ನನಗೆ ರೋಮ ನಿಂತಿತು. ಪಾಡ್ದನ, ದರ್ಶನ, ನುಡಿಕಟ್ಟು, ಎಲ್ಲ ನಮ್ಮ ಕೋಲದ ಹಾಗೆಯೇ!

ಗೋಲು ದೇವತೆ ಅಂತ ಅವರಿಗೊಂದು ನ್ಯಾಯದ ದೇವರು. ಅಲ್ಮೋರಾ ಹತ್ತಿರ ಚಿತಈ ಗುಡಿಯಲ್ಲಿ ಸ್ಟಾಂಪ್ ಪೇಪರ್ ಮೇಲೆ ಅರ್ಜಿ ಬರೆದು ಕಟ್ಟಿದ್ದಾರೆ. ಜಮೀನು ಜಗಳ, ಕೆಲಸ ಸಿಗಲಿಲ್ಲ, ಗಂಡ ಕುಡೀತಾನೆ, ಎಲ್ಲ. ಕೆಲಸ ಆದರೆ ಗಂಟೆ ಕಟ್ಟಬೇಕು. ಸಾವಿರಾರು ಗಂಟೆ.

ನನ್ನ ಪಾಯಿಂಟ್ ಏನು ಅಂದರೆ, ನಮ್ಮ ಕುಟುಂಬದ ಮನೆಗೆ ಮುಂಬೈಯವರು ಬರೋದು ನೇಮಕ್ಕೆ ಮಾತ್ರ. ಅಪ್ಪ ಕರೆದರೆ ಬರಲ್ಲ, ದೈವ ಕರೆದರೆ ರಜೆ ಹಾಕಿ ಬರ್ತಾರೆ. ಅಲ್ಲೂ ಹಾಗೇ ಅಲ್ವಾ? ಬೀಗ ಹಾಕಿದ ಮನೆಯ ಬೀಗ ತೆಗೆಸೋದು ದೇವರ ಹೆದರಿಕೆ.

ಪಹಾಡಿ_ಮಲ್ಲೇಶ್ವರ | ಜುಲೈ 2, ರಾತ್ರಿ 11:02

ನೂರಕ್ಕೆ ನೂರು. ನನ್ನ ದೊಡ್ಡಪ್ಪ ಎಂಜಿನಿಯರ್, ದೇವರು ಗೀವರು ಏನೂ ಇಲ್ಲ ಅಂತಿದ್ದರು. ಮಗನ ಕೆಲಸ ಹೋದ ಕೂಡಲೇ ಊರ ಕಡೆ ಹೋಗೋ ಕಾಠಗೋದಾಮ್ ಟ್ರೈನ್ ಹತ್ತಿದರು.

ಪ್ರಶ್ನೆಗೊಬ್ಬ | ಜುಲೈ 2, ರಾತ್ರಿ 11:10

ಪೇಪರ್ ಕಪ್ ವಿಷಯ ಬರೆದದ್ದಕ್ಕೆ ಸೊಸೆ ಅಕ್ಕನಿಗೆ ಥ್ಯಾಂಕ್ಸ್. ನಾನು ಜಗಳಕ್ಕೆ ಬಂದಿದ್ದೆ, ಈಗ ಮಾತು ಹೊರಡ್ತಿಲ್ಲ.

ಮಡಿಕೇರಿ_ನಿವೃತ್ತ | ಜುಲೈ 3, ಬೆಳಗ್ಗೆ 6:05

ನಾನು ಸೈನ್ಯದಲ್ಲಿದ್ದಾಗ ರಾಣಿಖೇತ್‌ನಲ್ಲಿ ಮೂರು ವರ್ಷ ಇದ್ದೆ. ಕುಮಾವೂನ್ ರೆಜಿಮೆಂಟಿನ ಕೇಂದ್ರ ಅಲ್ಲೇ. ನಾನು ಬೇರೆ ಕೋರ್. ಆದರೆ ಮಡಿಕೇರಿಯವನು ಅಂದ ಕೂಡಲೇ ಅಲ್ಲಿ ಚಹಾ ಸಿಗುತ್ತಿತ್ತು, ಕಾರಣ ಜನರಲ್ ತಿಮ್ಮಯ್ಯ. ಅವರು ಸೇರಿದ್ದ ಹೈದರಾಬಾದ್ ರೆಜಿಮೆಂಟೇ 1945ರಲ್ಲಿ ಕುಮಾವೂನ್ ರೆಜಿಮೆಂಟ್ ಆಯಿತು.

ಪಹಾಡಿ ಹುಡುಗರನ್ನು ಹತ್ತಿರದಿಂದ ನೋಡಿದ್ದೇನೆ. ದೊಡ್ಡವರು ಬಂದರೆ ಎದ್ದು ನಿಂತು "ಪೈಲಾಗ" ಅಂತಾರೆ, ಕಾಲಿಗೆ ಬಿದ್ದೆ ಅಂತ. ಕಳ್ಳತನ ಅನ್ನೋದು ಗೊತ್ತಿಲ್ಲ. ಕೊಠಡಿಗೆ ಬೀಗ ಹಾಕಿದರೆ ಅವರಿಗೆ ಅವಮಾನ.

ನಮ್ಮ ಕೊಡವ ತಕ್ಕ್ ಮಾತಾಡುವವರು 2011ರಲ್ಲಿ ಸುಮಾರು 1.13 ಲಕ್ಷ. ನಮ್ಮದೂ ಎಂಟನೇ ಪರಿಚ್ಛೇದದಲ್ಲಿಲ್ಲ. ನಮ್ಮನ್ನು ಕಟ್ಟಿಹಾಕಿರೋದು ಐನ್‌ಮನೆ. ಒಂದು ಒಕ್ಕದ (ಕುಲದ) ಅಷ್ಟೂ ಜನ ವರ್ಷಕ್ಕೆ ಒಮ್ಮೆಯಾದರೂ ಅಲ್ಲಿ ಸೇರಬೇಕು. ಮಾಡು ರಿಪೇರಿಗೆ ಎಲ್ಲರೂ ಪಾಲು ಹಾಕಬೇಕು. ಹಾಕದವನ ಹೆಸರು ಎಲ್ಲರ ಎದುರು ಓದ್ತೇವೆ. ನಿಮ್ಮ ಊರ ಮನೆಯ ಮಾಡು ಮೊದಲು ನೋಡಿಕೊಳ್ಳಿ ಮೇಡಂ. ಮನೆ ಬಿದ್ದರೆ ಹಬ್ಬ ಮಾಡೋಕೆ ಜಾಗವೇ ಇರಲ್ಲ.

ಮುದ್ದೆ_ಮಾಸ್ಟರ್ | ಜುಲೈ 3, ಬೆಳಗ್ಗೆ 8:30

ಎಲ್ಲ ಓದಿದೆ. ಊಟದ ವಿಷಯ ಯಾರೂ ಮಾತಾಡ್ತಾ ಇಲ್ಲ. ಅಲ್ಲಿ ಏನ್ ತಿಂತಾರೆ?

ಹಲ್ದ್ವಾನಿ_ಸೊಸೆ | ಜುಲೈ 3, ಬೆಳಗ್ಗೆ 11:15

ನೀವು ಕುರ್ಚಿಯಿಂದ ಬೀಳ್ತೀರ. ಮಡುವಾ ಅಂದರೆ ರಾಗಿ! ಮಡುವಾ ರೊಟ್ಟಿ, ಮೇಲೆ ತುಪ್ಪ, ಬೆಲ್ಲ. ಗಹತ್ ಅಂದರೆ ಹುರುಳಿ. ಚಳಿಗಾಲದಲ್ಲಿ ಗಹತ್ ಕಟ್ಟು ಕುಡಿದರೆ ಮೂತ್ರದ ಕಲ್ಲು ಕರಗುತ್ತೆ ಅಂತ ಇಜಾ. ನಮ್ಮಮ್ಮನದೂ ಅದೇ ಮಾತು, ಎರಡು ಸಾವಿರ ಕಿಲೋಮೀಟರ್ ದೂರದಿಂದ. ಝಂಗೋರಾ ಅಂದರೆ ಊದಲು. ಭಟ್ ಅಂತ ಕಪ್ಪು ಸೋಯಾ, ಅದರ ಚುಡ್ಕಾಣಿ ಅನ್ನಕ್ಕೆ. ಸೆಣಬಿನ ಜಾತಿಯ ಭಾಂಗ್ ಬೀಜದ ಚಟ್ನಿ (ನಶೆ ಬರಲ್ಲ, ಕೇಳಬೇಡಿ). ಒರಳಲ್ಲಿ ಅರೆದ ಹಸಿಮೆಣಸು ಉಪ್ಪು, ಪಿಸ್ಯೂ ಲೂಣ್.

ಮೊದಲ ವರ್ಷ ನಾನು ಮುದ್ದೆ ಕಟ್ಟಿದೆ. ಇಜಾ ದಿಟ್ಟಿಸಿ ನೋಡಿ ಕೇಳಿದರು, "ಬ್ವಾರಿ, ಇದನ್ನು ಎಸೆಯೋದಾ?" ಬ್ವಾರಿ ಅಂದರೆ ಸೊಸೆ. ಈಗ ಹುರುಳಿ ಸಾರು ಮಾಡಿದ ದಿನ ಅವರೇ ಮುದ್ದೆ ಕೇಳ್ತಾರೆ. ಅಗಿದು ತಿಂತಾರೆ, ನುಂಗಿ ಅಂದರೆ ಕೇಳಲ್ಲ.

ಮುದ್ದೆ_ಮಾಸ್ಟರ್ | ಜುಲೈ 3, ಬೆಳಗ್ಗೆ 11:18

ಅಗಿಯೋದಾ!! ಅಕ್ಕಾ, ಮೊದಲು ಇದನ್ನ ಸರಿ ಮಾಡಿ. ಸಂಪ್ರದಾಯ ಉಳಿಸಿ.

ಕೆಮ್ಮಣ್ಣು | ಜುಲೈ 3, ಮಧ್ಯಾಹ್ನ 3:00

ಸಾಗರದವರು ಅಂದಿರಿ, ಐಪಣದ ಬಗ್ಗೆ ಬರೆಯಲೇ ಇಲ್ಲ! ಕೆಂಪು ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ ಗೆರೆ. ಫೋಟೊ ನೋಡಿದಾಗ ನಮ್ಮ ಹಸೆ ಚಿತ್ತಾರ ಅಂದುಕೊಂಡೆ.

ಹಲ್ದ್ವಾನಿ_ಸೊಸೆ | ಜುಲೈ 3, ಮಧ್ಯಾಹ್ನ 3:40

ನಾನು ಈ ಮನೆಯಲ್ಲಿ ಗೆದ್ದದ್ದೇ ಅದರಿಂದ! ಗೇರು ಅಂದರೆ ಕೆಮ್ಮಣ್ಣು, ಬಿಸ್ವಾರ್ ಅಂದರೆ ನೆನೆಸಿ ರುಬ್ಬಿದ ಅಕ್ಕಿ. ಹೊಸ್ತಿಲ ಮೇಲಿಂದ ಬೆರಳಲ್ಲಿ ಗೆರೆ ಇಳಿಸೋದು ವಸುಧಾರಾ. ಮದುವೆಗೆ, ಉಪನಯನಕ್ಕೆ, ಸರಸ್ವತಿಗೆ ಬೇರೆ ಬೇರೆ ಚೌಕಿ, ಅಂದರೆ ವಿನ್ಯಾಸ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಸೆ ಬರೀತಿದ್ದರು, ಹಾಗಾಗಿ ಕೈಗೆ ಬಂತು.

ಕೆಮ್ಮಣ್ಣು | ಜುಲೈ 3, ಸಂಜೆ 4:05

ಒಂದು ತಿದ್ದುಪಡಿ. ಎಲ್ಲರ ಮನೆಯಲ್ಲೂ ಅಲ್ಲ. ಹಸೆ ಚಿತ್ತಾರ ದೀವರ ಹೆಂಗಸರ ಕಲೆ. ಗೋಡೆಗೆ, ಪುಂಡಿ ನಾರಿನ ಕುಂಚದಲ್ಲಿ. ಕಪ್ಪಿಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಐಪಣ ಬೆರಳಿನದು, ಹೆಚ್ಚಾಗಿ ನೆಲದ್ದು, ಪೂಜೆಗೆ ಸೇರಿದ್ದು. ಹೊರಗಿಂದ ಒಂದೇ ಥರ, ಒಳಗೆ ಬೇರೆ.

ಹಲ್ದ್ವಾನಿ_ಸೊಸೆ | ಜುಲೈ 3, ಸಂಜೆ 4:10

ಸರಿ, ಒಪ್ಪಿದೆ. ನಾನು ಕಲಿತದ್ದೂ ಪಕ್ಕದ ಮನೆಯ ದೀವರ ಅಮ್ಮನಿಂದಲೇ.

ದ್ವಾರಕಾ_ಸೆಕ್ಟರ್ | ಜುಲೈ 3, ಸಂಜೆ 6:22

ಐಪಣಕ್ಕೆ 2021ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂತು. 2023ರಲ್ಲಿ ಪಿಛೌಡಾಕ್ಕೂ ಬಂತು. ಈಗ ದಿಲ್ಲಿಯ ಮಾಲಿನಲ್ಲಿ ಐಪಣದ ಕೀ ಚೈನ್, ಮಗ್, ಸ್ಟಿಕ್ಕರ್. ಉಳಿಯಿತಲ್ಲ ಸಂಪ್ರದಾಯ, ಗೋಂದು ಹಚ್ಚಿ.

ಪಹಾಡಿ_ಮಲ್ಲೇಶ್ವರ | ಜುಲೈ 3, ಸಂಜೆ 6:50

ನಗಬೇಡಿ ಸರ್. ಆ ಮಗ್ ಮೇಲೆ ಬರೆಯೋ ಹುಡುಗಿಯರು ನೈನಿತಾಲ್, ಅಲ್ಮೋರಾದಲ್ಲೇ ಕೂತು ನಾಲ್ಕು ಕಾಸು ನೋಡ್ತಿದ್ದಾರೆ. ಊರು ಬಿಡದೆ ದುಡಿಯೋಕೆ ದಾರಿ ಎಷ್ಟಿದೆ ಅಲ್ಲಿ? ನನಗೆ ಬೇಜಾರು ಇರೋದು ಪಿಛೌಡಾ ಬಗ್ಗೆ. ಮದುವೆಯಾದ ಹೆಂಗಸರು ಶುಭಕಾರ್ಯಕ್ಕೆ ಹೊದೆಯೋ ಹಳದಿ ವಸ್ತ್ರ. ನಡುವೆ ಸ್ವಸ್ತಿಕ, ಸೂರ್ಯ, ಚಂದ್ರ, ಶಂಖ, ಗಂಟೆ. ಉಳಿದ ಕಡೆಯೆಲ್ಲ ಕೆಂಪು ಚುಕ್ಕಿ. ಮೊದಲು ಮನೆಯಲ್ಲೇ ಅರಿಶಿನದಲ್ಲಿ ಅದ್ದಿ, ನಾಣ್ಯಕ್ಕೆ ಬಟ್ಟೆ ಸುತ್ತಿ ಒಂದೊಂದೇ ಚುಕ್ಕಿ ಒತ್ತುತ್ತಿದ್ದರು. ಹತ್ತು ಹೆಂಗಸರು ಕೂತು ಹಾಡು, ಹರಟೆ. ಈಗ ಪಾಲಿಯೆಸ್ಟರ್ ಮೇಲೆ ಮೆಷಿನ್ ಪ್ರಿಂಟ್. ಬಟ್ಟೆ ಉಳಿಯಿತು, ಹರಟೆ ಹೋಯಿತು.

ಹಲ್ದ್ವಾನಿ_ಸೊಸೆ | ಜುಲೈ 3, ಸಂಜೆ 7:15

ಸ್ಟಿಕ್ಕರ್ ಬಗ್ಗೆ ಇಜಾ ಹೇಳೋದು: "ಪ್ಲಾಸ್ಟಿಕ್ ಮೇಲೆ ಕಾಲಿಟ್ಟರೆ ಲಕ್ಷ್ಮಿ ಜಾರಿ ಬೀಳ್ತಾಳೆ." ಆದರೂ ಹೋದ ದೀಪಾವಳಿಗೆ ಬಾತ್‌ರೂಮ್ ಬಾಗಿಲಿಗೆ ಅವರೇ ಒಂದು ಅಂಟಿಸಿದ್ದಾರೆ, ಬಣ್ಣ ಕಿತ್ತದ್ದು ಕಾಣದಿರಲಿ ಅಂತ.

ತವರಿನ_ದಾರಿ | ಜುಲೈ 4, ಬೆಳಗ್ಗೆ 10:00

ನನ್ನ ಗೆಳತಿ ಪಿಥೌರಾಗಢದವಳು. ಅವರಲ್ಲಿ ಚೈತ್ರದಲ್ಲಿ ಭಿಟೌಲಿ ಅಂತ ಇದೆ. ಅಣ್ಣನೋ ಅಪ್ಪನೋ ಮದುವೆಯಾದ ಮಗಳ ಮನೆಗೆ ಪೂರಿ, ಸಿಹಿ, ಬಟ್ಟೆ ಹೊತ್ತು ಹೋಗಬೇಕು. ನಮ್ಮ ಗೌರಿ ಹಬ್ಬದ ಬಾಗಿನದ ಹಾಗೆ. ಈಗ ಅವಳ ಅಣ್ಣ ಗೂಗಲ್ ಪೇ ಮಾಡ್ತಾನೆ. "ಭಿಟೌಲಿ ಬಂತು" ಅಂತ ಫೋನಿನಲ್ಲಿ ಟಿಂಗ್. ಅವಳು ಹೇಳಿದ್ದು, "ದುಡ್ಡು ನನ್ನ ಹತ್ತಿರವೂ ಇದೆ ಕಣೇ. ಅಣ್ಣನ ಚಪ್ಪಲಿ ಬಾಗಿಲಲ್ಲಿ ಕಾಣಬೇಕಿತ್ತು."

ನನ್ನ ತಮ್ಮನೂ ಈ ಸಲ ಟಿಂಗ್ ಮಾಡಿದ.

ಅಡಿಕೆ_ಮಂಗ | ಜುಲೈ 4, ಮಧ್ಯಾಹ್ನ 12:30

ಎಲ್ಲ ಭಾವನೆ ಆಯಿತು, ಲೆಕ್ಕಕ್ಕೆ ಬನ್ನಿ. ಉತ್ತರಾಖಂಡದ ವಲಸೆ ಆಯೋಗ 2018ರಲ್ಲಿ ವರದಿ ಕೊಟ್ಟಿತ್ತು. 2011ರ ನಂತರ 734 ಹಳ್ಳಿ ಪೂರ್ತಿ ಖಾಲಿ. ಅಲ್ಮೋರಾ ಜಿಲ್ಲೆಯ ಜನಸಂಖ್ಯೆ 2001ರಿಂದ 2011ಕ್ಕೆ 6.30 ಲಕ್ಷದಿಂದ 6.22 ಲಕ್ಷಕ್ಕೆ ಇಳಿಯಿತು. ದೇಶದ ಬೇರೆ ಕಡೆ ಏರುವಾಗ! ಕಾರಣ ಪಾಶ್ಚಾತ್ಯ ಸಂಸ್ಕೃತಿ ಅಲ್ಲ ಸ್ವಾಮಿ. ಕೆಲಸ ಇಲ್ಲ, ಶಾಲೆಗೆ ಮೇಷ್ಟ್ರಿಲ್ಲ, ಹೆರಿಗೆಗೆ ಡಾಕ್ಟರಿಲ್ಲ. ಬೆಳೆದದ್ದನ್ನು ಮಂಗ, ಕಾಡುಹಂದಿ ತಿಂತಾವೆ. ಹೊಲ ಪಾಳು ಬಿದ್ದರೆ ಪೊದೆ, ಪೊದೆ ಬಂದರೆ ಚಿರತೆ ಅಂಗಳಕ್ಕೆ. ನಮ್ಮ ಮಲೆನಾಡಿನ ಮುದುಕರ ಮನೆಗಳ ಕತೆಯೂ ಇದೇ. ಡಿಜೆ ನಿಲ್ಲಿಸಿದರೆ ಮಂಗ ನಿಲ್ಲುತ್ತಾ?

ಸನಾತನಿ_ಹುಡ್ಗ | ಜುಲೈ 4, ಮಧ್ಯಾಹ್ನ 12:44

ಎಲ್ಲರೂ ಬದಲಾವಣೆ ಸರಿ ಅಂತಲೇ ಹೇಳಿದರೆ ಮೂಲ ಏನು ಉಳಿಯುತ್ತೆ? ಒಂದು ಗೆರೆ ಬೇಡವಾ?

ಕುಡ್ಲದ_ಮಾಣಿ | ಜುಲೈ 4, ಮಧ್ಯಾಹ್ನ 1:15

ಗೆರೆ ಅವರೇ ಸರಿಸಿದ್ದಾರೆ ಮಾರಾಯಾ. ಚಂಪಾವತ್ ಜಿಲ್ಲೆಯ ದೇವಿಧುರಾದಲ್ಲಿ ರಾಖಿ ಹುಣ್ಣಿಮೆಗೆ ಬಗ್ವಾಲ್ ಅಂತ ಇದೆ. ನಾಲ್ಕು ಪಂಗಡ ಬಾರಾಹಿ ದೇವಿಯ ಗುಡಿ ಮುಂದೆ ಕಲ್ಲು ಹೊಡೆದಾಡೋದು. ಒಬ್ಬ ಮನುಷ್ಯನ ರಕ್ತದಷ್ಟು ನೆತ್ತರು ಬೀಳಬೇಕು ಅಂತ ನಂಬಿಕೆ. ಹೈಕೋರ್ಟ್ ಹೇಳಿದ ಮೇಲೆ 2013ರಿಂದ ಹಣ್ಣು, ಹೂವು ಎಸೀತಾರೆ. ನಡುವೆ ಒಂದೆರಡು ಕಲ್ಲೂ ಹಾರುತ್ತೆ, ಅದು ಬೇರೆ ವಿಷಯ. ದೇವಿ ಗುಡಿ ಬಿಟ್ಟು ಹೋಗಿಲ್ಲ.

ಪಹಾಡಿ_ಮಲ್ಲೇಶ್ವರ | ಜುಲೈ 4, ಮಧ್ಯಾಹ್ನ 1:40

ಬಾಗೇಶ್ವರದ ಉತ್ತರಾಯಣಿ ಮೇಳವೂ ಹಾಗೇ. ಸರಯೂ ಗೋಮತಿ ಸೇರುವಲ್ಲಿ ಸ್ನಾನ, ವ್ಯಾಪಾರ. 1921ರಲ್ಲಿ ಅದೇ ಜಾತ್ರೆಯಲ್ಲಿ ಬದ್ರಿದತ್ ಪಾಂಡೆ ಅವರ ಮುಂದಾಳತ್ವದಲ್ಲಿ ಜನ ಬಿಟ್ಟಿ ಕೂಲಿಯ ದಾಖಲೆ ಪುಸ್ತಕಗಳನ್ನು ನದಿಗೆ ಎಸೆದರು. ಕುಲಿ ಬೇಗಾರ್ ಅಂತ ಕೇಳಿರಬಹುದು. ಬ್ರಿಟಿಷ್ ಸಾಹೇಬರ ಸಾಮಾನು ಪುಕ್ಕಟೆ ಹೊರಬೇಕಿತ್ತು. ನದಿಗೆ ಎಸೆಯೋದೂ ನಮ್ಮ ಸಂಪ್ರದಾಯವೇ 🙂

ಗಟ್ಟಿಗಿತ್ತಿ | ಜುಲೈ 4, ಮಧ್ಯಾಹ್ನ 1:52

ಪೇಪರ್ ಕಪ್ಪನ್ನೂ ಎಸೆಯಿರಿ. ನದಿಗಲ್ಲ, ಕಸಕ್ಕೆ.

ಹಲ್ದ್ವಾನಿ_ಸೊಸೆ | ಜುಲೈ 7, ರಾತ್ರಿ 9:00

ಕಾಳು ಹಾಕಿದೆವು. ಬಿದಿರಿನ ಬುಟ್ಟಿ ಸಿಗಲಿಲ್ಲ, ಮಿಠಾಯಿ ಡಬ್ಬಿಯಲ್ಲಿ. ಗಟ್ಟಿಗಿತ್ತಿ ಅಕ್ಕನ ಮಾತು ಕೇಳಿ ಮಣ್ಣು ಜರಡಿ ಹಿಡಿಯೋ ಕೆಲಸ ಗಂಡನಿಗೆ ಕೊಟ್ಟೆ. ಅವರು ಅರ್ಧಕ್ಕೆ ನಿಲ್ಲಿಸಿ, ಅಪ್ಪ ಬದುಕಿದ್ದಾಗ ಯಾವ ಗದ್ದೆಯಿಂದ ಮಣ್ಣು ತರುತ್ತಿದ್ದರು ಅಂತ ಇಜಾ ಹತ್ತಿರ ಕೇಳುತ್ತಾ ಕೂತರು. ಒಂದು ಗಂಟೆ. ಪೂರ್ತಿ ಕುಮಾವೂನಿಯಲ್ಲಿ. ಜರಡಿ ನಾನೇ ಹಿಡಿದೆ.

ಗಟ್ಟಿಗಿತ್ತಿ | ಜುಲೈ 7, ರಾತ್ರಿ 9:04

ಕೊನೇ ಸಾಲು ಓದಿ ಸಿಟ್ಟು ಬಂತು, ಅದರ ಹಿಂದಿನದು ಓದಿ ಹೋಯಿತು.

ಹಲ್ದ್ವಾನಿ_ಸೊಸೆ | ಜುಲೈ 17, ರಾತ್ರಿ 8:45

ನಿನ್ನೆ ಹರೇಲಾ ಆಯಿತು. ಡಿಕಾರೆ ಮಗಳು ಮಾಡಿದಳು. ಗಣಪತಿ ಆನೆಗಿಂತ ಇಲಿಯ ಹಾಗೆ ಕಾಣುತ್ತಾನೆ.

ಇಜಾ ಎಲ್ಲರನ್ನೂ ಕೂರಿಸಿ ಕಾಲು, ಮಂಡಿ, ಭುಜ ಮುಟ್ಟಿಸಿ ತಲೆ ಮೇಲೆ ಮೊಳಕೆ ಇಟ್ಟರು. "ಜೀ ರಯೇ, ಜಾಗಿ ರಯೇ" ಅಂತ ಶುರು. ಬದುಕಿರು, ಎಚ್ಚರವಾಗಿರು. ಗರಿಕೆ ಹಾಗೆ ಹಬ್ಬು. ಹಿಮಾಲಯದಲ್ಲಿ ಹಿಮ, ಗಂಗೆಯಲ್ಲಿ ನೀರು ಇರೋವರೆಗೂ ಇರು. ಆಮೇಲೆ ಬರುತ್ತೆ ನೋಡಿ: ಹಲ್ಲು ಬಿದ್ದು ಅನ್ನವನ್ನು ಕಲ್ಲಲ್ಲಿ ಅರೆದು ತಿನ್ನುವಷ್ಟು, ಕೋಲೂರಿಕೊಂಡು ಕಕ್ಕಸಿಗೆ ಹೋಗುವಷ್ಟು ಬಾಳು! ಇಷ್ಟು ವರ್ಷ ನಾನು ತಲೆಬಗ್ಗಿಸಿ ಕೇಳಿದ್ದೆ, ಅರ್ಥ ಕೇಳಿರಲಿಲ್ಲ. ಈ ಸಲ ಮಗಳು ಕೇಳಿದಳು. ಅಜ್ಜಿ ಹೇಳಿದಳು. ಇಬ್ಬರೂ ನಕ್ಕು ನಕ್ಕು ಮೊಳಕೆಯೆಲ್ಲ ಕೆಳಗೆ. ಬೆಳಗ್ಗೆಯಿಂದ ಮಗಳು ಬಾತ್‌ರೂಮಿಗೆ ಹೋಗುವಾಗೆಲ್ಲ ಅಜ್ಜಿಯ ಕೋಲು ಹಿಡಿದು, ಆ ಸಾಲು ಕುಮಾವೂನಿಯಲ್ಲಿ ಹಾಡ್ತಾ ಹೋಗ್ತಾಳೆ. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಪೂರ್ತಿ ಕುಮಾವೂನಿ ವಾಕ್ಯ ಅದು.

ಮದುವೆ ವಿಷಯ ಇನ್ನೂ ಎಳೆದಾಟ. ಮೈದುನ ಹಾಲ್ ಬುಕ್ ಮಾಡಿಬಿಟ್ಟ. ಸುವಾಲ್ ಪಥಾಈ (ಮದುವೆಗೆ ಮೊದಲು ಹೆಂಗಸರು ಸೇರಿ ಸುವಾಲ್ ಲಟ್ಟಿಸಿ ಲಡ್ಡು ಕಟ್ಟೋ ಶಾಸ್ತ್ರ) ಊರ ಮನೆಯಲ್ಲೇ ಅಂತ ಇಜಾ ಹಟ. ಅದಕ್ಕಾದರೂ ಬೀಗ ತೆಗೀಬೇಕು, ಮಾಡು ನೋಡಬೇಕು. ಮಡಿಕೇರಿ ಸರ್, ಪಾಲು ಹಾಕದವರ ಪಟ್ಟಿ ರೆಡಿ ಮಾಡಿದ್ದೇನೆ. ಅವತ್ತು ಹಾಡುವ ಶಕುನಾಖರ್ ಪೂರ್ತಿ ಬರೋದು ಇಜಾ ಮತ್ತು ಊರಿನ ಇನ್ನೊಬ್ಬ ಅಜ್ಜಿಗೆ ಮಾತ್ರ. ನಮ್ಮ ಸೋಬಾನೆ ಪದದ ಹಾಗೆಯೇ. ರೆಕಾರ್ಡ್ ಮಾಡ್ತಿದ್ದೇನೆ, ಕನ್ನಡ ಲಿಪಿಯಲ್ಲಿ ಬರ್ಕೊಂಡೂ ಇದ್ದೇನೆ.

ಸ್ಟೀಲ್ ಲೋಟದ ಮಾತು ಎತ್ತಿದೆ. ಇಜಾ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನಿನ್ನೆ ಮೊಳಕೆ ಇಡುವಾಗ ನನ್ನ ತಲೆ ಮೇಲೆ ಸ್ವಲ್ಪ ಜಾಸ್ತಿಯೇ ಒತ್ತಿದರು. ಆಶೀರ್ವಾದವೋ ಸಿಟ್ಟೋ ಗೊತ್ತಾಗಲಿಲ್ಲ.

ಪಹಾಡಿ_ಮಲ್ಲೇಶ್ವರ | ಜುಲೈ 17, ರಾತ್ರಿ 9:10

ಅಕ್ಕಾ, ನಾಲ್ಕು ಎಸಳು ಉಳಿದಿದ್ದರೆ ಅಂಚೆಗೆ ಹಾಕ್ತೀರಾ? ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸ್ತೀನಿ. ತಡವಾದರೂ ಪರವಾಗಿಲ್ಲ, ನಮಗೆ ಅಭ್ಯಾಸ ಇದೆ.

ಹಲ್ದ್ವಾನಿ_ಸೊಸೆ | ಜುಲೈ 17, ರಾತ್ರಿ 9:13

ಕಳಿಸಿ. ಇಜಾ ಕೈಯಲ್ಲೇ ಲಕೋಟೆ ಅಂಟಿಸ್ತೀನಿ.

ದ್ವಾರಕಾ_ಸೆಕ್ಟರ್ | ಜುಲೈ 17, ರಾತ್ರಿ 9:31

ಎರಡು ಲಕೋಟೆ ಆಗುತ್ತಾ? ಪಕ್ಕದ ಫ್ಲಾಟಿನವರಿಗೆ. ನನಗಲ್ಲ.

ಮುದ್ದೆ_ಮಾಸ್ಟರ್ | ಜುಲೈ 17, ರಾತ್ರಿ 9:40

ಅದೆಲ್ಲ ಸರಿ. ಇಜಾ ಮುದ್ದೆ ನುಂಗೋದು ಕಲಿತರಾ?